ಪ್ರೇಮಕ್ಕನ ಬಾಯಿಗೆ ಕವಳ ಬಿದ್ದ ವಾರ

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರದ ಬಟ್ಟೆ ಅಂಗಡಿಯೊಂದರಲ್ಲಿ ಪ್ರೇಮಕ್ಕ ಇಪ್ಪತ್ತೇಳು ವರ್ಷ ಸೀರೆ ಬಿಚ್ಚಿ ತೋರಿಸಿದ್ದಾಳೆ. ಅವಳು ಬಿಚ್ಚಿದ ಸೀರೆಗಳನ್ನೆಲ್ಲ ತುದಿಗೆ ತುದಿ ಗಂಟು ಹಾಕಿದ್ದರೆ ಕೊಪ್ಪದಿಂದ ಹೊರಟು ಶೃಂಗೇರಿ ಮುಟ್ಟಿ, ಅಲ್ಲಿನ ಹೊಳೆಯ ಮೀನುಗಳಿಗೆಲ್ಲ ಒಂದೊಂದು ಲಂಗ ಹೊಲಿಸಿ, ವಾಪಸು ಬರುವಾಗ ನರಸಿಂಹರಾಜಪುರ ಪೇಟೆಗೆ ಒಂದು ಶಾಮಿಯಾನ ಕಟ್ಟಿ, ಇನ್ನೂ ಎರಡು ಬ್ಲೌಸ್ ಪೀಸ್ ಮಿಗುತ್ತಿತ್ತು.

ಆದರೆ ಅವಳ ಹೆಸರು ನಡೆದದ್ದು ಕೈಯಿಂದಲ್ಲ, ಕಣ್ಣಿನಿಂದ. ಗಿರಾಕಿ ಮೆಟ್ಟಿಲ ಹತ್ತಿರ ಚಪ್ಪಲಿ ಬಿಡುವುದನ್ನು ನೋಡಿದರೆ ಸಾಕು, ಪ್ರೇಮಕ್ಕ ಒಳಗಿನ ಕಪಾಟಿಗೆ ಕೈ ಹಾಕಿ ಆಗಿರುತ್ತಿತ್ತು. ಚಪ್ಪಲಿ ಜೋಡಿಸಿಟ್ಟರೆ ಮದುವೆ ಜವಳಿ. ಒಂದು ಅಲ್ಲಿ, ಒಂದು ಇಲ್ಲಿ ಹಾರಿದರೆ ಕರ್ಚೀಫು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರೆ ಬಸ್ಸಿಗೆ ಕಾಯುವವರು, ಅವರಿಗೆ ಸ್ಟೂಲು. ಒಂದು ಸಲ ಯಾರೋ ಹೆಂಗಸು ಬಂದು ಸುಮ್ಮನೆ ನಿಂತಾಗ ಪ್ರೇಮಕ್ಕ, "ಇವರು ಸೀರೆಗೆ ಬಂದವರಲ್ಲ. ನಾದಿನಿ ಎಂತ ತಗೊಳ್ತಾಳೆ ಅಂತ ನೋಡಕ್ಕೆ ಬಂದವರು" ಎಂದು ಮಾಲೀಕರ ಕಿವಿಯಲ್ಲಿ ಹೇಳಿದ್ದಳು. ಮಾತು ಮುಗಿಯುವ ಹೊತ್ತಿಗೆ ರೇಷ್ಮೆ ಸೀರೆಗಳ ಕಪಾಟಿನ ಹಿಂದಿನಿಂದ ನಾದಿನಿಯೇ ಹೊರಗೆ ಬಂದಳು.

ಮಾಲೀಕರಿಗೆ ವಯಸ್ಸಾಗಿ ಅಂಗಡಿ ಮುಚ್ಚಿದಾಗ ಪ್ರೇಮಕ್ಕನಿಗೆ ಐವತ್ತಮೂರು. ಅದೇ ಕಟ್ಟಡದ ಮಾಳಿಗೆಯಲ್ಲಿದ್ದ ನೇಗಿಲು ಯಂತ್ರ ಬಳಗದವರು ಅವಳನ್ನು ಮೇಲಕ್ಕೆ ಕರೆದುಕೊಂಡರು. ಬಳಗವೆಂದರೆ ರೈತರದೇ ಕೂಟ, ಏಳು ಟಿಲ್ಲರು, ಒಬ್ಬ ಅಧ್ಯಕ್ಷ. ನಾಟಿಗೆ ಮುಂಚೆ ಕೊಪ್ಪ, ನರಸಿಂಹರಾಜಪುರ ಎರಡೂ ತಾಲ್ಲೂಕಿನ ಗದ್ದೆ ಟಿಲ್ಲರಿನಲ್ಲಿ ಉತ್ತು ಹೂಡಿಕೊಡುವುದು ಅವರ ಕೆಲಸ. ಅಧ್ಯಕ್ಷ ಶಾಂತವೀರಪ್ಪನವರು ಹತ್ತು ವರ್ಷ ಎಲ್ಲ ಕರೆಗಳನ್ನೂ ಒಂದೇ ಫೋನಿನಲ್ಲಿ ತೆಗೆದುಕೊಂಡಿದ್ದರು. ಹೋದ ಮಳೆಗಾಲದಲ್ಲಿ ಆ ಫೋನು ಎಷ್ಟು ಕಾದಿತ್ತೆಂದರೆ ಅದರ ಮೇಲೆ ನೀರುದೋಸೆ ಹುಯ್ದರೆ ಎರಡೂ ಬದಿ ಬೇಯುತ್ತಿತ್ತು. ಅವರ ಎಡಗಿವಿ ಬಲಗಿವಿಗಿಂತ ಅರ್ಧ ಇಂಚು ಚಪ್ಪಟೆಯಾಯಿತೆಂದು ಕಮಿಟಿಯವರು ಅಳತೆ ಹಿಡಿದು ಹೇಳುತ್ತಾರೆ. ಕಿವಿ ಉಳಿಸಿಕೊಳ್ಳಲಿಕ್ಕೇ ಈ ವರ್ಷ ವೆಬ್‌ಸೈಟು ಬಂತು. ಮಾಡಿಕೊಟ್ಟವಳು ಶೃಂಗೇರಿಯ ಕೃತಿಕಾ, ಓದು ಮುಗಿಸಿ ಮನೆಯ ಮೇಲಿನ ಕೋಣೆಯಲ್ಲೇ ಆಫೀಸು ಹಾಕಿಕೊಂಡ ಹುಡುಗಿ. ವೆಬ್‌ಸೈಟಿಗೆ ಬಂದ ಬುಕಿಂಗ್ ನೋಡಿ ಟಿಲ್ಲರ್ ಕಳಿಸುವ ಕುರ್ಚಿ ಪ್ರೇಮಕ್ಕನದು. ಮೊದಲ ವಾರ ಅವಳು ಮೌಸನ್ನು ಇಸ್ತ್ರಿ ಪೆಟ್ಟಿಗೆಯಂತೆ ಒತ್ತಿ ಎಳೆದದ್ದಕ್ಕೆ ಮೇಜಿನ ಆ ಮೂಲೆ ಇವತ್ತಿಗೂ ಕನ್ನಡಿಯಂತೆ ಹೊಳೆಯುತ್ತದೆ.

ಕುರ್ಚಿ ಸಿಕ್ಕಿತು, ಬುಕಿಂಗ್ ಸಿಗಲಿಲ್ಲ.

ಆಷಾಢದ ಮೊದಲ ಶುಕ್ರವಾರ ಶಾಂತವೀರಪ್ಪನವರು ಮೆಟ್ಟಿಲು ಹತ್ತಿ ಬಂದರು. "ಪ್ರೇಮಕ್ಕ, ಏಳು ಟಿಲ್ಲರು ಶೆಡ್ಡಲ್ಲಿ ಮಲಗಿದಾವೆ. ಕೋಳಿ ಮೊಟ್ಟೆ ಇಟ್ಟಿದೆ ಒಂದರ ಸೀಟಲ್ಲಿ. ಎಂತದು ಇದು?"

"ಜನ ಬರ್ತಿದಾರೆ ಅಣ್ಣ. ಬಂದು ವಾಪಸು ಹೋಗ್ತಾರೆ."

"ಬಂದವರು ಯಾಕೆ ಹೋಗ್ತಾರೆ?"

"ಅದೇ ಗೊತ್ತಾಗ್ತಿಲ್ಲ."

"ಗಿರಾಕಿ ಚಪ್ಪಲಿ ನೋಡಿ ಜಾತಕ ಹೇಳೋಳು ನೀನು!" ಶಾಂತವೀರಪ್ಪ ಕೊಡೆ ಮಡಚಿದರು. "ನೋಡು ಮಾರಾಯ್ತಿ, ಮುಂದಿನ ವಾರ ಬಿಟ್ಟು ಅದರ ಮೇಲಿನ ಸೋಮವಾರ ಕಮಿಟಿ ಮೀಟಿಂಗು. ಅಷ್ಟರಲ್ಲಿ ಸರಿಯಾಗದಿದ್ರೆ ವೆಬ್‌ಸೈಟು ಬಂದ್. ನನ್ನ ಫೋನೇ ಸಾಕು. ಕಿವಿ ಹೋದ್ರೆ ಹೋಗ್ಲಿ, ಇನ್ನೊಂದಿದೆ."

ವೆಬ್‌ಸೈಟು ಹೋದರೆ ಕುರ್ಚಿಯೂ ಹೋಗುತ್ತದೆ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಪ್ರೇಮಕ್ಕನಿಗೆ ಕುರ್ಚಿಗಿಂತ ಹೆಚ್ಚು ಚುಚ್ಚಿದ್ದು ಚಪ್ಪಲಿಯ ಮಾತು. ಚಪ್ಪಲಿಯೇ ಕಾಣದ ಅಂಗಡಿಯಲ್ಲಿ ಕಣ್ಣಿಗೆ ಏನು ಕೆಲಸ? ಐವತ್ತಮೂರಕ್ಕೆ ಅವಳ ಕಣ್ಣಿನ ವಾಯಿದೆ ಮುಗಿಯಿತೇ? ಇಲ್ಲ ಎಂದು ತನಗೆ ತಾನೇ ಹೇಳಿಕೊಂಡು ಕೃತಿಕಾಳನ್ನು ಕರೆಸಿದಳು.

ಕೃತಿಕಾ ಲ್ಯಾಪ್‌ಟಾಪ್ ತೆರೆದು ಲೆಕ್ಕದ ಪುಟ ತೋರಿಸಿದಳು. ಬಂದವರು ನಾನೂರ ಹನ್ನೆರಡು ಜನ. ತಾರೀಖು ಆರಿಸುವ ಪುಟದ ತನಕ ನಡೆದವರು ಮುನ್ನೂರ ಎಪ್ಪತ್ತು. ಅಲ್ಲಿಂದ ಮುಂದೆ ದಾಟಿ ಬುಕ್ ಮಾಡಿದವರು ಹನ್ನೊಂದು. "ತಾರೀಖಿನ ಪುಟದಲ್ಲಿ ಒಬ್ಬೊಬ್ಬರು ಹದಿನಾಲ್ಕು ನಿಮಿಷ ಇರ್ತಾರೆ ಅಕ್ಕ. ಜನ ಇಷ್ಟು ಹೊತ್ತು ಕೂತರೆ ಬೇರೆ ವೆಬ್‌ಸೈಟಿನವರು ಹಬ್ಬ ಮಾಡ್ತಾರೆ."

"ಹದಿನಾಲ್ಕು ನಿಮಿಷ ಒಂದೇ ಸೀರೆ ಹಿಡಿದು ನಿಂತವಳು ಯಾವತ್ತೂ ಸೀರೆ ನೋಡ್ತಾ ಇರಲ್ಲ ಕೂಸೇ," ಎಂದಳು ಪ್ರೇಮಕ್ಕ. "ಅವಳ ತಲೆಯಲ್ಲಿ ಬೇರೆ ಎಂತದೋ ಇರ್ತದೆ. ಈ ಲೆಕ್ಕ ಎಲ್ಲಿ ನಿಂತ್ರು ಅಂತ ಹೇಳ್ತು. ಯಾಕೆ ನಿಂತ್ರು ಅಂತ ಹೇಳಕ್ಕೆ ಇದರಿಂದ ಆಗ್ತದಾ?"

"ಇಲ್ಲ. ಅದಕ್ಕೆ ಕೇಳಬೇಕು."

ಕೇಳಿದರು. ವಾಪಸು ಹೋಗುವವರ ಮುಂದೆ ಒಂದು ಸಣ್ಣ ಪ್ರಶ್ನೆ ಬರುವಂತೆ ಕೃತಿಕಾ ಮಾಡಿದಳು: ನಮ್ಮ ವೆಬ್‌ಸೈಟಿನಲ್ಲಿ ಏನು ತೊಂದರೆಯಾಯಿತು? ಎರಡು ದಿನದಲ್ಲಿ ಅರವತ್ತೊಂದು ಉತ್ತರ ಬಂತು. ಐವತ್ತೆಂಟು ಜನ ಬರೆದದ್ದು ಒಂದೇ ಮಾತು: ಅಡ್ಡಿಲ್ಲ. ಒಬ್ಬರು, 'ಪ್ರೇಮಕ್ಕನಿಗೆ ಮೊಣಕಾಲು ನೋವು ಹೇಗಿದೆ?' ಎಂದು ವಿಚಾರಿಸಿದ್ದರು. ಇನ್ನೊಬ್ಬರು ಊಟಕ್ಕೆ ಕರೆದಿದ್ದರು. ಕೊನೆಯವರು ಪ್ರಶ್ನೆಗೆ ಪ್ರಶ್ನೆ ಹಾಕಿದ್ದರು: 'ಯಾಕೆ, ನಿಮಗೆ ಎಂತಾದರೂ ತೊಂದರೆಯಾಯ್ತಾ?'

ಶಾಂತವೀರಪ್ಪನವರು ಅದನ್ನು ಓದಿ ಸಂತೋಷಪಟ್ಟರು. "ಎಲ್ಲರೂ ಅಡ್ಡಿಲ್ಲ ಅಂದಿದಾರಲ್ಲ!"

ಪ್ರೇಮಕ್ಕ ಸಂತೋಷಪಡಲಿಲ್ಲ. ಈ ಸೀಮೆಯಲ್ಲಿ ಅಡ್ಡಿಲ್ಲ ಎಂಬ ಮಾತಿಗೆ ಅಡಗದ ಸಂಗತಿಯೇ ಇಲ್ಲ. ಪಾಯಸಕ್ಕೂ ಅಡ್ಡಿಲ್ಲ, ಕಷಾಯಕ್ಕೂ ಅಡ್ಡಿಲ್ಲ. ಮನೆಯ ಮೇಲೆ ಮರ ಬಿದ್ದವರನ್ನು ಮಾತಾಡಿಸಿದರೂ, ಅರ್ಧ ಮಾಡು ಉಳಿದಿದೆ, ಅಡ್ಡಿಲ್ಲ ಎನ್ನುತ್ತಾರೆ. ಎದುರಿಗಿದ್ದವರ ಕೆಲಸವನ್ನು ಮುಖಕ್ಕೆ ಹೊಡೆದಂತೆ ಕೆಟ್ಟದ್ದು ಎನ್ನುವ ಮನುಷ್ಯ ಈ ಕಡೆ ಹುಟ್ಟಿದ್ದೇ ಆದರೆ ಅವನನ್ನು ಹುಟ್ಟಿದ ವಾರವೇ ಘಟ್ಟದ ಕೆಳಗೆ ಸಾಗಿಸಿರಬೇಕು.

"ಹಾಗಾದರೆ ಎರಡು ಥರ ಪುಟ ಮಾಡಿ ಹೋಲಿಸೋಣ," ಎಂದಳು ಕೃತಿಕಾ. "ಅರ್ಧ ಜನಕ್ಕೆ ಹಸಿರು ಬಟನ್ನು, ಅರ್ಧ ಜನಕ್ಕೆ ಕೆಂಪು. ಯಾವುದಕ್ಕೆ ಹೆಚ್ಚು ಬುಕಿಂಗ್ ಬರ್ತದೆ ನೋಡೋದು."

"ಎಷ್ಟು ಜನ ಬರಬೇಕು ಅದು ಖಾತ್ರಿಯಾಗಕ್ಕೆ?"

ಕೃತಿಕಾ ಮನಸ್ಸಿನಲ್ಲೇ ಲೆಕ್ಕ ಹಾಕಿ ದನಿ ತಗ್ಗಿಸಿದಳು. "ಹನ್ನೊಂದೇ ಬುಕಿಂಗ್ ಅಂದ್ರೆ... ಇನ್ನೂ ಹಲವು ಸಾವಿರ ಜನ ಬೇಕು ಅಕ್ಕ. ಇಲ್ಲದಿದ್ರೆ ಸುಮ್ನೆ ಅದೃಷ್ಟನೋ ಬಣ್ಣನೋ ಗೊತ್ತಾಗಲ್ಲ."

"ಅಷ್ಟು ಜನ ಸೇರೋ ಹೊತ್ತಿಗೆ ನಾಟಿ ಮುಗಿದು, ಕುಯ್ಲು ಮುಗಿದು, ಹೊಸ ಅಕ್ಕಿ ಕಡುಬು ತಿಂದು ತೇಗಿರ್ತಾರೆ. ಬಣ್ಣ ಬದಲಿಸೋದು ಕೊನೆಗೆ ಕೂಸೇ. ಗಿರಾಕಿಗೆ ಬೇಕಾದ್ದು ಸೀರೆಯೋ ಕಂಬಳಿಯೋ ಗೊತ್ತಾಗದೆ ಹಸಿರೋ ಕೆಂಪೋ ಅಂತ ಕೇಳಿದ ಹಾಗಾಯ್ತು."

ಕೃತಿಕಾಳ ಹತ್ತಿರ ಇನ್ನೊಂದು ಉಪಾಯವಿತ್ತು. ವೆಬ್‌ಸೈಟಿಗೆ ಬಂದವರು ಎಲ್ಲೆಲ್ಲಿ ಬೆರಳು ಒತ್ತಿದರು, ಎಲ್ಲಿ ತಡೆದರು ಎಂಬುದನ್ನು ಸಿನಿಮಾದಂತೆ ಹಿಡಿದಿಡಬಹುದು. ಪ್ರೇಮಕ್ಕ ಒಪ್ಪಲಿಲ್ಲ. "ಅವರಿಗೆ ಹೇಳದೆಯಾ? ಬಟ್ಟೆ ಹಾಕಿ ನೋಡೋ ಕೋಣೆಗೆ ಸಂದಿ ಬಿಟ್ಟು ಇಣುಕಿದ ಹಾಗೆ ಆಗಲ್ವಾ?" ಕೊನೆಗೆ ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ ತಿಳಿಸಿ, ಒಪ್ಪಿದವರದನ್ನು ಮಾತ್ರ, ಹೆಸರು ಫೋನ್ ನಂಬರು ಮುಚ್ಚಿ ಹಿಡಿದರು. ಅಂಥ ನಲವತ್ತು ಸಿಕ್ಕಿದವು. ಎಲ್ಲದರಲ್ಲೂ ಒಂದೇ ಆಟ. ಬೆರಳು ಹನ್ನೆರಡನೇ ತಾರೀಖು ಒತ್ತುತ್ತದೆ. ಆಮೇಲೆ ಹದಿನಾಲ್ಕು. ಆಮೇಲೆ ಹತ್ತು ನಿಮಿಷ ಏನೂ ಇಲ್ಲ. ಮತ್ತೆ ಹತ್ತೊಂಬತ್ತು, ಮತ್ತೆ ಹನ್ನೆರಡು. ನಂತರ ಬೆರಳು ಮಾಯ.

"ಸೆರಗು ಮುಟ್ಟಿ ಮುಟ್ಟಿ ನೋಡ್ತಿದಾರೆ," ಎಂದಳು ಪ್ರೇಮಕ್ಕ. ಇಷ್ಟು ದಿನದಲ್ಲಿ ಮೊದಲ ಸಲ ಅವಳ ಕಣ್ಣು ಕಿರಿದಾಯಿತು. "ಆ ಹತ್ತು ನಿಮಿಷ ಇವರು ಎಲ್ಲಿ ಹೋಗ್ತಾರೆ? ಅದು ಫೋನೊಳಗೆ ಇಲ್ಲ. ನಾನೇ ಹೋಗಿ ಪಕ್ಕದಲ್ಲಿ ಕೂತು ನೋಡ್ತೀನಿ."

ಬುಧವಾರ ಮುತ್ತಿನಕೊಪ್ಪಕ್ಕೆ ಬಸ್ಸು ಹತ್ತಿದಳು. ಮೊದಲ ಮನೆ ವೀರಬಸಮ್ಮನದು. ಬಟ್ಟೆ ಅಂಗಡಿಯ ಹಳೆಯ ಗಿರಾಕಿ, ಈಗ ಎರಡು ಎಕರೆ ಗದ್ದೆಯನ್ನು ಒಬ್ಬಳೇ ನಡೆಸುವವಳು. ವೀರಬಸಮ್ಮ ಫೋನು ಹಿಡಿದು ತಾರೀಖಿನ ಪುಟಕ್ಕೆ ಬಂದು ಸ್ವಲ್ಪ ತಡೆದಳು ನೋಡಿ, ಪ್ರೇಮಕ್ಕನ ಬಾಯಿ ತಾನಾಗಿ ತೆರೆಯಿತು. "ಹನ್ನೆರಡು ಒತ್ತು ಮಾರಾಯ್ತಿ, ಒಳ್ಳೆ ದಿನ. ಹಾಂ, ಈಗ ಕೆಳಗಿನ ಬಟನ್ನು. ಆಯ್ತು!" ಆ ಊರಿನಲ್ಲಿ ಐದು ಮನೆ, ಐದಕ್ಕೆ ಐದೂ ಬುಕಿಂಗ್. ಪ್ರೇಮಕ್ಕ ಬಸ್ಸಿನಲ್ಲಿ ವಾಪಸು ಬರುವಾಗ ಎಷ್ಟು ಉಬ್ಬಿದ್ದಳೆಂದರೆ ಕಂಡಕ್ಟರು ಎರಡು ಸೀಟಿನ ಟಿಕೆಟ್ ಹರಿಯಲು ಹೊರಟಿದ್ದ. ಶಾಂತವೀರಪ್ಪನವರು ಕಮಿಟಿಯ ಎಲ್ಲರಿಗೂ ಫೋನು ಮಾಡಿ ಸುದ್ದಿ ಸಾರಿದರು.

ಮರುದಿನ ಬೆಳಿಗ್ಗೆ ಐದೂ ರದ್ದಾದವು.

ವೀರಬಸಮ್ಮ ಸಂಕೋಚದಿಂದಲೇ ಫೋನಿನಲ್ಲಿ ಹೇಳಿದಳು, "ನೀನು ಅಷ್ಟು ದೂರದಿಂದ ಬಂದು ಕೂತಿದ್ದೆ. ಇಲ್ಲ ಅನ್ನಕ್ಕೆ ಬಾಯಿ ಬರಲಿಲ್ಲ. ಕಾಫಿಗೆ ಬೆಲ್ಲ ಬೇರೆ ಕಡಿಮೆಯಾಗಿತ್ತು."

ಕೃತಿಕಾ ನಗಲಿಲ್ಲ, ಅದು ಅವಳ ದೊಡ್ಡತನ. "ಅಕ್ಕ, ಪಕ್ಕದಲ್ಲಿ ಕೂತು ನೋಡೋದು ಸರಿಯಾದ ದಾರಿನೇ. ಆದರೆ ಅದಕ್ಕೆ ಒಂದು ನಿಯಮ ಇದೆ. ಅವರು ತಪ್ಪು ಒತ್ತಲಿ, ಫೋನು ತಲೆಕೆಳಗೆ ಹಿಡೀಲಿ, ನಾವು ಮಾತಾಡಬಾರದು. ನೀವು ನೋಡಲಿಲ್ಲ. ಮಾರಿದಿರಿ."

ಮಾರಿದಿರಿ ಎಂಬ ಮಾತು ಪ್ರೇಮಕ್ಕನಿಗೆ ನೇರ ಹೊಕ್ಕಿತು. ನಿಜ. ಕಣ್ಣು ಅವಳದು ಎಷ್ಟೇ ಚುರುಕಾದರೂ ನಾಲಿಗೆ ಅದಕ್ಕಿಂತ ಎರಡು ಹೆಜ್ಜೆ ಮುಂದೆ ಓಡುತ್ತಿತ್ತು. ಅಂಗಡಿಯಲ್ಲಿ ಅದೇ ಗುಣ, ಇಲ್ಲಿ ಅದೇ ರೋಗ. ಐವತ್ತಮೂರು ವರ್ಷದ ನಾಲಿಗೆಯನ್ನು ಮೂರು ದಿನದಲ್ಲಿ ಕಟ್ಟಿಹಾಕುವುದು ಹೇಗೆ? ಬಾಯಿಗೆ ಕುಕ್ಕೆ ಕಟ್ಟಿದ ಎತ್ತಿನಂತೆ ಓಡಾಡಲು ಆಗುತ್ತದೆಯೇ?

ಔಷಧಿ ಸೀತೂರಿನಲ್ಲಿ ಸಿಕ್ಕಿತು. ಶುಕ್ರವಾರ ಅಲ್ಲಿನ ತಿಮ್ಮಣ್ಣನ ಮನೆಗೆ ಹೋದಾಗ ಅವನ ಹೆಂಡತಿ ಎಲೆಅಡಿಕೆಯ ತಟ್ಟೆ ಮುಂದಿಟ್ಟಳು. ಪ್ರೇಮಕ್ಕ ಇಪ್ಪತ್ತೇಳು ವರ್ಷ ಎಲೆಅಡಿಕೆ ಮುಟ್ಟಿದವಳಲ್ಲ. ರೇಷ್ಮೆಯ ಮೇಲೆ ಒಂದು ಹನಿ ಕೆಂಪು ಬಿದ್ದರೆ ಆ ಸೀರೆ ತನ್ನದೇ ಆಗುತ್ತದೆಂಬ ಭಯ. ಈಗ ತಟ್ಟೆಯನ್ನೇ ನೋಡಿದಳು. ನಾಲ್ಕು ಎಲೆ, ಮೂರು ಅಡಿಕೆಯ ಹೋಳು, ಸುಣ್ಣ, ಎಲ್ಲ ಸೇರಿಸಿ ಒಂದು ಹೊರೆ ಕವಳ ಕಟ್ಟಿ ದವಡೆಗೆ ತುರುಕಿದಳು. ಕೆನ್ನೆ ಕುಂಬಳಕಾಯಿಯಂತಾಯಿತು. ಇನ್ನು ಮಾತಾಡಿದರೆ ತಿಮ್ಮಣ್ಣನ ಬಿಳಿ ಗೋಡೆಗೆ ಹೋಳಿಹಬ್ಬ.

"ಹೂಂ," ಎಂದು ಕೈಸನ್ನೆ ಮಾಡಿದಳು, ಶುರು ಮಾಡು ಎಂದು.

ತಿಮ್ಮಣ್ಣ ಜಗಲಿಯಲ್ಲಿ ಕೂತು ಫೋನು ತೆಗೆದ. ಹೆಸರು ಹಾಕಿದ, ಊರು ಹಾಕಿದ, ಟಿಲ್ಲರ್ ಒತ್ತಿದ. ತಾರೀಖಿನ ಪುಟ ಬಂತು. ಹನ್ನೆರಡು ಒತ್ತಿದ. ತಲೆ ಕೆರೆದುಕೊಂಡ. ಹದಿನಾಲ್ಕು ಒತ್ತಿದ. ಪ್ರೇಮಕ್ಕನ ನಾಲಿಗೆ ಕವಳದ ಅಡಿಯಲ್ಲಿ ಬಲೆಗೆ ಬಿದ್ದ ಮೀನಿನಂತೆ ಒದ್ದಾಡಿತು. ಕವಳ ಅಲುಗಲಿಲ್ಲ.

ಆಗ ತಿಮ್ಮಣ್ಣ ಫೋನನ್ನು ಜಗಲಿಯ ಮೇಲಿಟ್ಟು ಎದ್ದು ಹೊರಟೇಬಿಟ್ಟ.

ಪ್ರೇಮಕ್ಕ ಕಣ್ಣಲ್ಲೇ ಹಿಂಬಾಲಿಸಿದಳು. ಅವನು ಅಂಗಳ ದಾಟಿ, ಹಳ್ಳದ ಮೇಲಿನ ಸಂಕ ದಾಟಿ, ಗದ್ದೆಯ ಅಂಚಿನ ಮೇಲೆ ನಡೆದು ಹೋಗಿ ನಿಂತ. ಗದ್ದೆಗಳು ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದವು. ಮೇಲಿನ ಗದ್ದೆಯತ್ತ ಮುಖ ಮಾಡಿ ಕೂಗಿದ.

"ಓ ಅಣ್ಣಯ್ಯ! ನಿಂದು ಯಾವಾಗ ಹೂಡಿಸ್ತಿ?"

ಮೇಲಿನಿಂದ ದನಿ ಬಂತು. "ನನ್ನ ಮೇಲಿನವರದ್ದು ಇನ್ನೂ ಆಗಿಲ್ಲ ಮಾರಾಯ! ಅವರದ್ದಾಗಲಿ, ಆಮೇಲೆ ನಂದು!"

ತಿಮ್ಮಣ್ಣ ವಾಪಸು ಬಂದ. ಫೋನು ತೆಗೆದು ಹತ್ತೊಂಬತ್ತು ಒತ್ತಿದ. ಮತ್ತೆ ಹನ್ನೆರಡಕ್ಕೆ ಬಂದ. ಉಸಿರು ಬಿಟ್ಟು ಪುಟ ಮುಚ್ಚಿದ. "ಅಡ್ಡಿಲ್ಲ ಪ್ರೇಮಕ್ಕ, ಚೆನ್ನಾಗಿ ಮಾಡಿದೀರಿ," ಎಂದ.

ಪ್ರೇಮಕ್ಕ ಗೋಡೆಯ ಗಡಿಯಾರ ನೋಡಿದಳು. ಹದಿನಾಲ್ಕು ನಿಮಿಷ, ಒಂದು ಸೆಕೆಂಡು ಹೆಚ್ಚಿಲ್ಲ, ಒಂದು ಸೆಕೆಂಡು ಕಮ್ಮಿಯಿಲ್ಲ. ಹಿತ್ತಿಲಿಗೆ ಓಡಿ ಕವಳ ಉಗಿದು, ಬಾಯಿ ತೊಳೆದು, ಕೃತಿಕಾಗೆ ಫೋನು ಮಾಡಿದಳು. ತಿಮ್ಮಣ್ಣನ ಮನೆಯ ನಾಯಿ ಆ ದನಿಗೆ ಮೂರು ದಿನ ಮನೆಗೆ ಬರಲಿಲ್ಲವಂತೆ.

"ನೀರು ಕೂಸೇ, ನೀರು! ಮೇಲಿನವನು ನೀರು ಕಟ್ಟಿ ಹೂಡಿ, ಅಂಚಿನ ಕಂಡಿ ಬಿಟ್ಟ ಮೇಲೇ ಕೆಳಗಿನವನ ಗದ್ದೆಗೆ ನೀರು. ಟಿಲ್ಲರೂ ಮೇಲಿನವನ ಗದ್ದೆ ದಾಟೇ ಇಳೀಬೇಕು. ತಾರೀಖು ಇವರ ಕೈಯಲ್ಲಿಲ್ಲ. ಯಾರದ್ದಾದ ಮೇಲೆ ಅನ್ನೋದು ಗೊತ್ತು, ಯಾವ ದಿನ ಅನ್ನೋದು ಗೊತ್ತಿಲ್ಲ!"

ಆ ಕಡೆ ಕೃತಿಕಾ ತಾರೀಖಿನ ಪುಟ ತೆರೆದಳು. "ಇದನ್ನ ನಂಗೆ ಯಾರೂ ಹೇಳಲಿಲ್ಲ."

ಯಾರು ಹೇಳಬೇಕಿತ್ತು? ಗದ್ದೆಯವರಿಗೆ ಅದು ಹೇಳುವಂಥ ಸಂಗತಿಯೇ ಅಲ್ಲ. ಊಟ ಮಾಡುವಾಗ ಬಾಯಿ ತೆರೆಯಬೇಕು ಎಂದು ನೆಂಟರಿಗೆ ಯಾರೂ ಹೇಳುವುದಿಲ್ಲವಲ್ಲ, ಹಾಗೆ. ಬಳಗದ ಕಮಿಟಿಯಲ್ಲಿ ಹನ್ನೊಂದು ಜನ ಗದ್ದೆಯವರೇ ಕೂತು, ತಾರೀಖು ಕಡ್ಡಾಯ ಎಂದು ಬರೆಸಿದ್ದರು. ಆಫೀಸಿಗೆ ಹತ್ತಿದ ಕೂಡಲೇ ಗದ್ದೆಯನ್ನು ಚಪ್ಪಲಿಯ ಜೊತೆ ಮೆಟ್ಟಿಲ ಬುಡದಲ್ಲಿ ಬಿಟ್ಟು ಬಂದಿದ್ದರು.

"ಇನ್ನೊಂದು ನೋಡು," ಎಂದಳು ಪ್ರೇಮಕ್ಕ. "ಬುಕ್ ಮಾಡಿದ ಆ ಹನ್ನೊಂದು ಜನ ಯಾರ್ಯಾರು ಓದು."

ಕೃತಿಕಾ ಒಂದೊಂದೇ ಹೆಸರು ಓದಿದಳು. ಪ್ರೇಮಕ್ಕ ಒಂದೊಂದೇ ಮನೆ ನೆನಪಿಸಿಕೊಂಡಳು, ಅನುಮಾನ ಬಂದ ಕಡೆ ತಿಮ್ಮಣ್ಣನನ್ನು ಕೇಳಿದಳು. ಹನ್ನೊಂದಕ್ಕೆ ಹನ್ನೊಂದೂ ಬೈಲಿನ ತಲೆಯ, ಎಲ್ಲಕ್ಕಿಂತ ಮೇಲಿನ ಗದ್ದೆಯವರು. ಅವರ ಮೇಲೆ ಕಾಡು ಮಾತ್ರ. ಕೇಳಬೇಕಾದವರು ಯಾರೂ ಇಲ್ಲ.

"ಲೆಕ್ಕ ಮೊದಲೇ ಎಲ್ಲ ಹೇಳಿತ್ತು ಅಕ್ಕ," ಕೃತಿಕಾ ನಿಟ್ಟುಸಿರಿಟ್ಟಳು. "ನಮಗೆ ಓದಕ್ಕೆ ಬರಲಿಲ್ಲ."

"ಓದಕ್ಕೆ ಅಂಚಿನ ಮೇಲೆ ನಿಲ್ಲಬೇಕಿತ್ತು. ನಿಂತಾಯ್ತಲ್ಲ, ಇನ್ನು ಓದು."

ಭಾನುವಾರದ ಸಂಜೆಯ ಹೊತ್ತಿಗೆ ಕೃತಿಕಾ ಹೊಸ ಪುಟ ತಯಾರು ಮಾಡಿದಳು. ತಾರೀಖಿಲ್ಲ. ಅದರ ಜಾಗದಲ್ಲಿ ಒಂದೇ ಪ್ರಶ್ನೆ: ಯಾರ ಗದ್ದೆ ಆದ ಮೇಲೆ? ಬೈಲಿನಲ್ಲಿ ಮೇಲಿನವರದ್ದು ಮುಗಿದ ಕೂಡಲೇ ಕೆಳಗಿನವರ ಫೋನಿಗೆ ಸುದ್ದಿ ಹೋಗುತ್ತದೆ.

ಸೋಮವಾರ ಮೀಟಿಂಗು. ಪ್ರೇಮಕ್ಕ ಈ ಸಲ ಗಟ್ಟಿ ನಿರ್ಧಾರ ಮಾಡಿಯೇ ಬಂದಿದ್ದಳು. ಮಾರುವುದಿಲ್ಲ. ಮೆಟ್ಟಿಲು ಹತ್ತುವ ಮುಂಚೆ ಐದು ಎಲೆಯ ಕವಳ ಹಾಕಿದ್ದಳು.

ಮಾತಾಡಿದ್ದು ಕೃತಿಕಾ. ಅವಳು ಅರ್ಧ ಹೇಳುವಷ್ಟರಲ್ಲಿ ಶಾಂತವೀರಪ್ಪನವರು ಕೈ ಎತ್ತಿದರು. "ತಾರೀಖಿಲ್ಲದ ಬುಕಿಂಗಾ? ಬಸ್ಸಿಗೆ ಟೈಮಿಲ್ಲದಿದ್ರೆ ನಡೀತದಾ? ತಾರೀಖಿಗೆ ಎಂತ ಕಷ್ಟ? ಒತ್ತಿದರಾಯ್ತು. ಈ ವೆಬ್‌ಸೈಟು ಮುಚ್ಚೋದೇ ಸೈ."

ಪ್ರೇಮಕ್ಕ ಎದ್ದಳು. ಕೆನ್ನೆ ಉಬ್ಬಿದೆ, ಬಾಯಿ ಮುಚ್ಚಿದೆ. ಶಾಂತವೀರಪ್ಪನವರ ಮುಂದೆ ಅವರದೇ ಫೋನು ಸರಿಸಿ, ಹಳೆಯ ಪುಟ ತೆರೆದು, ಒತ್ತಿ ಎಂದು ಕೈ ತೋರಿಸಿದಳು.

"ಎಂತದು? ನಂದಾ? ನನ್ನ ಗದ್ದೆದಾ? ಸೈ, ನೋಡಿ, ಎಷ್ಟು ಸುಲಭ ಅಂತ." ಹೆಸರು ಹಾಕಿದರು, ಊರು ಹಾಕಿದರು, ಟಿಲ್ಲರ್ ಒತ್ತಿದರು. ತಾರೀಖಿನ ಪುಟ ಬಂತು. ಹದಿನೆಂಟು ಒತ್ತಿದರು. ಕನ್ನಡಕ ಸರಿಮಾಡಿಕೊಂಡರು. ಇಪ್ಪತ್ತು ಒತ್ತಿದರು. ಕಮಿಟಿಯವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು.

"ಒಂದೇ ನಿಮಿಷ," ಎಂದು ಶಾಂತವೀರಪ್ಪನವರು ಎದ್ದು, ಫೋನನ್ನು ಚಪ್ಪಟೆ ಕಿವಿಗೆ ಹಿಡಿದು ಕಿಟಕಿಯ ಹತ್ತಿರ ಹೋದರು. "ಹಲೋ ಸಿದ್ಧಾರ್ಥ, ನಾನು ಕೆಳಗಿನ ಗದ್ದೆ ಶಾಂತವೀರಪ್ಪ. ನಿಂದು ಯಾವಾಗ ಹೂಡಿಸ್ತಿ ಮಾರಾಯ?"

ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕೋಣೆ. ಕೆಳಗಿನ ಬಸ್ ಸ್ಟ್ಯಾಂಡಿನಲ್ಲಿ ಹೊರಟಿದ್ದ ಶಿವಮೊಗ್ಗದ ಬಸ್ಸು ಭೂಮಿ ನಡುಗಿತೆಂದು ಬ್ರೇಕು ಹಾಕಿತು. ಶಾಂತವೀರಪ್ಪನವರು ತಿರುಗಿ ನೋಡಿದರು, ಕೈಯಲ್ಲಿದ್ದ ಫೋನು ನೋಡಿದರು, ಪ್ರೇಮಕ್ಕನ ಕುಂಬಳಕಾಯಿ ಕೆನ್ನೆ ನೋಡಿದರು. ಹತ್ತು ವರ್ಷ ತಮ್ಮ ಕೈಯಾರೆ ಪುಸ್ತಕದಲ್ಲಿ, 'ಇಂಥವರದ್ದಾದ ಮೇಲೆ ಇಂಥವರು' ಎಂದು ಬರೆದುಕೊಂಡದ್ದು ಆಗ ಅವರಿಗೆ ನೆನಪಾಯಿತು.

"ಥೂ," ಎಂದರು, ತಮಗೇ. ವಾಪಸು ಬಂದು ಕೂತರು. "ಹೊಸ ಪುಟ ಹಾಕಿ. ಪ್ರೇಮಕ್ಕನ ಕುರ್ಚಿಗೆ ಒಂದು ದಿಂಬು ತರಿಸಿ. ಏನು ಪ್ರೇಮಕ್ಕ, ಇಷ್ಟು ದೊಡ್ಡ ಕೆಲಸ ಮಾಡಿ ಒಂದು ಮಾತೂ ಇಲ್ಲವಲ್ಲ? ನಾಲ್ಕು ಮಾತು ಹೇಳು."

ಹೇಳಲು ಅವಳ ಬಳಿ ನಾಲ್ಕಲ್ಲ, ನಾಲ್ಕು ಸಾವಿರ ಮಾತಿತ್ತು. ಚಪ್ಪಲಿಯಿಂದ ಶುರುಮಾಡಿ ಹೇಳುವುದಿತ್ತು. ಆದರೆ ಎದುರಿಗೆ ಹೋದ ತಿಂಗಳಷ್ಟೇ ಸುಣ್ಣ ಬಳಿದ ಗೋಡೆ, ಮೇಜಿನ ಮೇಲೆ ಕೃತಿಕಾಳ ಲ್ಯಾಪ್‌ಟಾಪು, ಸುತ್ತ ಹನ್ನೊಂದು ಬಿಳಿ ಅಂಗಿ.

"ಹೂಂ," ಎಂದಳು ಪ್ರೇಮಕ್ಕ. ಕೃತಿಕಾ ಹೊಸ ಪುಟ ಹಾಕಿದ ಕೂಡಲೇ ಸೀತೂರಿನಿಂದ ತಿಮ್ಮಣ್ಣನ ಬುಕಿಂಗ್ ಬಂತು, ಅಣ್ಣಯ್ಯನದಾದ ಮೇಲೆ ಎಂದು. ಅದನ್ನು ಬೆರಳಲ್ಲಿ ತೋರಿಸಿ, ಮೆಟ್ಟಿಲಿಳಿದು ಮೋರಿಯ ಕಡೆ ಓಡಿದಳು.